ಮಲೆಯ ಮನೆ, ಸರ್ಕಾರದ ಕಾಡು

ಈ ಅಂಕಣಕ್ಕೆ ಬರುವ ಓಲೆಗಳಲ್ಲಿ, ಅದರಲ್ಲಿಯೂ ಮಳೆಗಾಲ ಹಿಂದೆ ಸರಿದು ಘಟ್ಟದ ಹಾದಿಗಳು ಮತ್ತೆ ತೆರೆದುಕೊಳ್ಳುವ ದಿನಗಳಲ್ಲಿ, ಒಂದು ಪ್ರಶ್ನೆ ತಪ್ಪದೆ ತಲೆಯೆತ್ತುತ್ತದೆ: ರಾಷ್ಟ್ರೀಯ ಉದ್ಯಾನವೆಂದು ಸರ್ಕಾರವೇ ಸಾರಿರುವ ಕುದುರೆಮುಖದ ಕಾಡಿನೊಳಗೆ ಜನರು ಇಂದಿಗೂ ವಾಸವಾಗಿರುವುದು ಸರಿಯೇ? ಕೆಲವರು ಇದನ್ನು ಕಾಡಿನ ಮೇಲಣ ಕಳಕಳಿಯಿಂದ ಕೇಳುತ್ತಾರೆ. ಇನ್ನು ಕೆಲವರು ಜನರ ಮೇಲಣ ಕರುಣೆಯಿಂದಲೇ, ಆ ಬಡವರನ್ನು ಬೆಟ್ಟದಿಂದ ಕೆಳಗಿಳಿಸಿ, ಶಾಲೆ ಆಸ್ಪತ್ರೆಗಳಿರುವ ಊರಿನಲ್ಲಿ ಒಂದೊಂದು ಮನೆ ಕಟ್ಟಿಕೊಡಬಾರದೆ ಎಂದು ಬರೆಯುತ್ತಾರೆ. ಎರಡು ಬಗೆಯ ಓಲೆಗಳೂ ಸದುದ್ದೇಶದವೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಅವೆರಡರಲ್ಲಿಯೂ ಸಮಾನವಾಗಿ ಕಾಣಬರುವ ಒಂದು ಭಾವನೆಯುಂಟು; ಆ ಜನರು ಎಲ್ಲಿರತಕ್ಕದ್ದು ಎಂಬುದನ್ನು ನಿರ್ಣಯಿಸುವವರು ನಾವು, ಅಂದರೆ ಓಲೆ ಬರೆಯುವವರು ಮತ್ತು ಓದುವವರು, ಎಂಬುದೇ ಆ ಭಾವನೆ. ಇಂದಿನ ಬರಹದಲ್ಲಿ ಪರೀಕ್ಷಿಸಬೇಕೆಂದಿರುವುದು ಅದನ್ನೇ.

ಮೊದಲು ಕಾಡಿನ ಮಾತು. ಚಿಕ್ಕಮಗಳೂರು, ದಕ್ಷಿಣ ಕನ್ನಡ, ಉಡುಪಿ ಎಂಬ ಮೂರು ಜಿಲ್ಲೆಗಳು ಒಂದನ್ನೊಂದು ಮುಟ್ಟುವ ಎಡೆಯಲ್ಲಿ, ಸುಮಾರು 600 ಚದರ ಕಿಲೋಮೀಟರು ಹಬ್ಬಿರುವ ಈ ಉದ್ಯಾನದ ನೆತ್ತಿಯಲ್ಲಿ, ಸಮುದ್ರಮಟ್ಟಕ್ಕಿಂತ 1,890 ಮೀಟರಿಗೂ ಎತ್ತರವಾಗಿ, ಕುದುರೆಯ ಮೋರೆಯನ್ನು ನೆನಪಿಗೆ ತರುವ ಶಿಖರವು ನಿಂತಿದೆ. ಅರಬ್ಬಿ ಸಮುದ್ರದಿಂದ ಎದ್ದುಬರುವ ಮುಂಗಾರಿನ ಮೋಡಗಳು ಈ ಗೋಡೆಗೆ ಬಡಿದು ಮೇಲೇರಿ ತಣಿದು ಸುರಿಯುವುದರಿಂದ, ಕೆಲವೆಡೆಗಳಲ್ಲಿ ವರ್ಷಕ್ಕೆ 7,000 ಮಿಲಿಮೀಟರಿನಷ್ಟು, ಎಂದರೆ ಬೆಂಗಳೂರಿನಲ್ಲಿ ಬೀಳುವುದರ ಏಳು ಮಡಿಯಷ್ಟು, ಮಳೆಯಾಗುವುದುಂಟು. ಪಶ್ಚಿಮದ ಇಳಿಜಾರುಗಳಲ್ಲಿ ಸೂರ್ಯನ ಬೆಳಕು ನೆಲಕ್ಕೆ ಇಳಿಯದಂತೆ ದಟ್ಟೈಸಿರುವ ನಿತ್ಯಹರಿದ್ವರ್ಣದ ಮಳೆಕಾಡು, ಮೇಲಕ್ಕೆ ಹೋದಂತೆ ಬೋಳು ಬೆನ್ನಿನ ಹುಲ್ಲುಗಾವಲುಗಳು, ಆ ಹುಲ್ಲುಗಾವಲುಗಳ ನಡುವಣ ಕಣಿವೆಯ ಮಡಿಕೆಗಳಲ್ಲಿ ಅಡಗಿ ಕುಳಿತ ಶೋಲಾ ಕಾಡುಗಳು: ಇದು ಇಲ್ಲಿಯ ನೆಲದ ವಿನ್ಯಾಸ. ಹುಲ್ಲುಗಾವಲನ್ನು ಕಂಡು ಇದು ಕಡಿದು ಹಾಳುಮಾಡಿದ ಕಾಡೆಂದು ಭ್ರಮಿಸುವವರು ಹಿಂದೆಯೂ ಇದ್ದರು, ಇಂದಿಗೂ ಇದ್ದಾರೆ. ಆ ಭ್ರಮೆಯಿಂದಲೇ ಅಲ್ಲಿ ಅಕೇಶಿಯಾದಂಥ ಪರದೇಶದ ಗಿಡಗಳನ್ನು ನೆಟ್ಟದ್ದೂ ಉಂಟು. ವಾಸ್ತವವಾಗಿ ಹುಲ್ಲಿನ ಬೇರುಗಳೂ ಶೋಲೆಯ ತರಗೆಲೆಯ ಹಾಸಿಗೆಯೂ ಕೂಡಿ ನಾಲ್ಕು ತಿಂಗಳ ಮಳೆಯನ್ನು ಹಿಡಿದಿಟ್ಟುಕೊಂಡು, ಉಳಿದ ಎಂಟು ತಿಂಗಳು ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುತ್ತವೆ. ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಎಂಬ ಮೂರು ನದಿಗಳು ಹುಟ್ಟುವುದು ಈ ವ್ಯವಸ್ಥೆಯ ಫಲ. ಶಿವಮೊಗ್ಗದ ಗದ್ದೆಗೂ ಮಂಗಳೂರಿನ ನಲ್ಲಿಗೂ ನೀರು ಇಲ್ಲಿಂದಲೇ ಹೊರಡುತ್ತದೆಂದ ಮೇಲೆ, ಈ ಕಾಡು ಉಳಿಯಬೇಕೆಂಬ ವಿಷಯದಲ್ಲಿ ವಾದಕ್ಕೆ ಆಸ್ಪದವಿಲ್ಲ. ಪಶ್ಚಿಮ ಘಟ್ಟದ 39 ನೆಲೆಗಳನ್ನು 2012ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖವೂ ಅದರಲ್ಲಿ ಸೇರಿತು.

ಇನ್ನು ಜನರ ಮಾತು. ಈ ಬೆಟ್ಟಸಾಲಿನ ಒಳಗೂ ಬುಡದಲ್ಲಿಯೂ ಚದುರಿದ ಮನೆಗಳಲ್ಲಿ ವಾಸಿಸುವವರಲ್ಲಿ ಮುಖ್ಯರಾದವರು ಮಲೆಕುಡಿಯರು. ಅವರೊಡನೆ ಗೌಡಲು ಎಂಬ ಮತ್ತೊಂದು ಬುಡಕಟ್ಟಿನವರೂ, ತಲೆಮಾರುಗಳಿಂದ ಸಣ್ಣ ಹಿಡುವಳಿ ಮಾಡಿಕೊಂಡಿರುವ ಇತರ ಕೆಲವು ಸಮುದಾಯದವರೂ ಇದ್ದಾರೆ. ಬೆಳ್ತಂಗಡಿ, ಕಾರ್ಕಳದ ಕಡೆಯ ಮಲೆಕುಡಿಯರ ಮನೆಮಾತು ತುಳು. ಘಟ್ಟದ ಮೇಲೆ ಕಳಸ, ಸಂಸೆಗಳ ಕಡೆಗೆ ಹೋದರೆ ಕನ್ನಡವೂ ಬಳಕೆಯಲ್ಲಿದೆ. ಒಂದು ಕಾಲಕ್ಕೆ ಇವರು ಕುಮರಿ ಬೇಸಾಯ ಮಾಡುತ್ತಿದ್ದವರು. ಕಾಡಿನ ಒಂದು ತುಂಡನ್ನು ಸವರಿ ಸುಟ್ಟು, ಒಂದೆರಡು ಬೆಳೆ ತೆಗೆದು, ಅದನ್ನು ಮತ್ತೆ ಕಾಡಾಗಲು ಬಿಟ್ಟು ಮುಂದಕ್ಕೆ ಹೋಗುತ್ತಿದ್ದವರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬ್ರಿಟಿಷರು ಕುಮರಿಗೆ ನಿರ್ಬಂಧ ಹೇರಿದರು. 1882ರ ಮದರಾಸು ಅರಣ್ಯ ಕಾಯಿದೆಯು ಬಂದ ಮೇಲಂತೂ, ನಿನ್ನೆಯವರೆಗೆ ತಮ್ಮದೆಂದು ತಿರುಗಾಡುತ್ತಿದ್ದ ಮಲೆಯಲ್ಲಿ ಸೌದೆಯ ಹೊರೆಗೂ ಅಪ್ಪಣೆ ಬೇಕಾಯಿತು. ಅಲ್ಲಿಂದ ಮುಂದೆ ಅವರಲ್ಲಿ ಅನೇಕರ ಬಾಳು ಏಲಕ್ಕಿ ಮಲೆಗಳ ಒಡೆಯರ ಕೆಳಗಿನ ದುಡಿಮೆಯಾಗಿ, ಸಾಲದ ಲೆಕ್ಕವಾಗಿ ಸಾಗಿತು. ಇಂದಿಗೆ ಒಂದಿಷ್ಟು ಅಡಕೆ, ಕಾಳುಮೆಣಸು, ತುಂಡು ಗದ್ದೆ, ಜೇನು, ರಾಮಪತ್ರೆ, ಸೀಗೆ, ಬೆತ್ತ ಬಿದಿರುಗಳ ಬುಟ್ಟಿ, ಕೂಲಿ: ಇವೆಲ್ಲವೂ ಸೇರಿ ಒಂದು ಸಂಸಾರ ನಡೆಯುತ್ತದೆ.

ಕನ್ನಡದ ಓದುಗರಿಗೆ ಈ ಜನರ ಪರಿಚಯವನ್ನು ಮೊದಲು ಮಾಡಿಕೊಟ್ಟವರಲ್ಲಿ ಶಿವರಾಮ ಕಾರಂತರು ಅಗ್ರಗಣ್ಯರು. ಅವರ ‘ಕುಡಿಯರ ಕೂಸು’ ಕಾದಂಬರಿಯು ಮಲೆಕುಡಿಯರ ಬಾಳನ್ನೇ ವಸ್ತುವಾಗಿ ಉಳ್ಳದ್ದು. ಮುಂದೆ 1983–84ರ ಸುಮಾರಿಗೆ ಅವರ ಮಗ ಉಲ್ಲಾಸ ಕಾರಂತರು ರಾಜ್ಯ ಸರ್ಕಾರದ ನೆರವಿನಿಂದ ಇದೇ ಘಟ್ಟಗಳನ್ನು ಸುತ್ತಿ ಸಿಂಗಳೀಕಗಳ ಸಮೀಕ್ಷೆಯನ್ನು ನಡೆಸಿ, ಪಶ್ಚಿಮ ಘಟ್ಟಕ್ಕಲ್ಲದೆ ಪ್ರಪಂಚದ ಬೇರೆಲ್ಲಿಗೂ ಸೇರದ ಆ ಕಪ್ಪು ಮೈಯ ಬೆಳ್ಳಿಗಡ್ಡದ ಕೋತಿಗಳಿಗೆ ಕುದುರೆಮುಖದ ಅಖಂಡವಾದ ಮಳೆಕಾಡು ಬಹು ಮುಖ್ಯವಾದ ನೆಲೆಯೆಂದು ತೋರಿಸಿಕೊಟ್ಟರು. ರಾಷ್ಟ್ರೀಯ ಉದ್ಯಾನದ ಯೋಚನೆಗೆ ಆ ಕೆಲಸವೇ ಬುನಾದಿಯಾಯಿತು. ತಂದೆಯು ಬರೆದದ್ದು ಕಾಡಿನ ಜನರನ್ನು ಕುರಿತು, ಮಗನು ಬರೆದದ್ದು ಕಾಡಿನ ಮೃಗವನ್ನು ಕುರಿತು. ಒಂದೇ ಮಲೆ, ಒಂದೇ ಮನೆತನ. ಎರಡೂ ಸತ್ಯವೇ. ಆದರೆ ನಮ್ಮ ಕಾನೂನು ಆ ಎರಡು ಸತ್ಯಗಳನ್ನು ಒಟ್ಟಿಗೆ ಹಿಡಿಯುವಷ್ಟು ವಿಶಾಲವಾಗಿರಲಿಲ್ಲ ಎಂಬಲ್ಲಿಂದ ತೊಡಕು ಆರಂಭವಾಗುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನ ಎಂಬ ಎರಡು ವರ್ಗಗಳನ್ನು ಕಲ್ಪಿಸಿದೆ. ಅಭಯಾರಣ್ಯದಲ್ಲಿ ಅಧಿಕಾರಿಯು ಒಪ್ಪಿದರೆ ಜನರ ಕೆಲವು ಹಕ್ಕುಗಳು ಮುಂದುವರಿಯಬಹುದು. ರಾಷ್ಟ್ರೀಯ ಉದ್ಯಾನದಲ್ಲಿ ಹಾಗಿಲ್ಲ. ಅಲ್ಲಿ ಹಕ್ಕುಗಳನ್ನೆಲ್ಲ ವಿಚಾರಿಸಿ, ತೀರ್ಮಾನಿಸಿ, ಸರ್ಕಾರದ ವಶಕ್ಕೆ ತೆಗೆದುಕೊಂಡ ಮೇಲೆಯೇ ಅಂತಿಮ ಘೋಷಣೆ ಹೊರಡತಕ್ಕದ್ದು. ಕುದುರೆಮುಖವನ್ನು ರಾಷ್ಟ್ರೀಯ ಉದ್ಯಾನ ಮಾಡುವ ಉದ್ದೇಶವನ್ನು ಸರ್ಕಾರವು 1987ರಲ್ಲಿ ಪ್ರಕಟಿಸಿತು. ಅಂತಿಮ ಅಧಿಸೂಚನೆಯು ಬಂದದ್ದು 2001ರಲ್ಲಿ. ನಡುವಣ ಹದಿನಾಲ್ಕು ವರ್ಷಗಳಲ್ಲಿ, ಬರೆವಣಿಗೆಯ ಬಳಕೆಯೇ ಇಲ್ಲದ, ಪಹಣಿಯ ಮುಖವನ್ನೇ ಕಾಣದ ಸಂಸಾರಗಳು ತಮ್ಮ ಹಕ್ಕನ್ನು ಕಾಗದದ ಮೂಲಕ ರುಜುವಾತುಪಡಿಸಬೇಕಾಗಿತ್ತು. ಅಜ್ಜನು ನೆಟ್ಟ ಹಲಸಿನ ಮರವನ್ನೂ ದೈವದ ಕಲ್ಲನ್ನೂ ತೋರಿಸಿ ಇದು ನಮ್ಮ ಜಾಗವೆಂದು ಹೇಳಬಲ್ಲವರಿಗೆ, ಸರ್ವೆ ನಂಬರು ಕೇಳಿದರೆ ಎಲ್ಲಿಂದ ತರುವುದು? ಹೀಗಾಗಿ ಅಧಿಸೂಚನೆಯ ಮರುದಿನ ಅವರು ತಮ್ಮ ಮನೆಯಲ್ಲಿಯೇ ಅತಿಕ್ರಮಣಕಾರರಾಗಿ ಎಚ್ಚೆತ್ತರು.

ಇದೇ ಅವಧಿಯಲ್ಲಿ, ಇದೇ ಬೆಟ್ಟಗಳ ಮೈಮೇಲೆ ನಡೆಯುತ್ತಿದ್ದ ಮತ್ತೊಂದು ವ್ಯವಹಾರವನ್ನು ಮರೆತರೆ ನ್ಯಾಯವು ಕುಂಟಾಗುತ್ತದೆ. 1969ರಲ್ಲಿ ಸುಮಾರು 4,600 ಹೆಕ್ಟೇರು ಪ್ರದೇಶವನ್ನು ಕಬ್ಬಿಣದ ಅದಿರಿಗಾಗಿ ಮೂವತ್ತು ವರ್ಷದ ಗುತ್ತಿಗೆಗೆ ಕೊಡಲಾಗಿತ್ತು. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪೆನಿಯು ಸ್ಥಾಪನೆಯಾಯಿತು. ಇರಾನಿನ ಷಾ ಅವರ ಸರ್ಕಾರವು ಹಣವನ್ನು ಕೊಟ್ಟು ಅದಿರನ್ನು ಕೊಳ್ಳುವುದಾಗಿ ಒಪ್ಪಿ, 1979ರ ಕ್ರಾಂತಿಯಲ್ಲಿ ತಾನೇ ಉರುಳಿಹೋಯಿತು. ಗಣಿ ಮಾತ್ರ ನಿಲ್ಲಲಿಲ್ಲ. ಗುಡ್ಡದ ನೆತ್ತಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಕೆತ್ತಿ, ಅದಿರನ್ನು ಅರೆದು, ನೀರಿನೊಡನೆ ಕಲಸಿ, 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಘಟ್ಟವಿಳಿಸಿ ಮಂಗಳೂರಿಗೆ ಸಾಗಿಸಿದರು. ಉಳಿದ ಕೆಸರನ್ನು ಲಕ್ಯಾ ಹೊಳೆಗೆ ಅಡ್ಡವಾಗಿ 100 ಮೀಟರು ಎತ್ತರದ ಅಣೆಕಟ್ಟು ಕಟ್ಟಿ ಹಿಡಿದಿಟ್ಟರು. ಹಿಡಿಯಲಾಗದ ಹೂಳು ಮಳೆಗಾಲದಲ್ಲಿ ಭದ್ರೆಯನ್ನು ಕೆಂಪಾಗಿಸಿತು. ಆ ಗಣಿಗಾಗಿ ಅಗಲವಾದ ರಸ್ತೆ ಬಂತು, ವಿದ್ಯುತ್ತು ಬಂತು, ಶಾಲೆ ಆಸ್ಪತ್ರೆಗಳುಳ್ಳ ಒಂದು ಪಟ್ಟಣವೇ ಎದ್ದಿತು. 2001ರ ಅಂತಿಮ ಅಧಿಸೂಚನೆಯು ಗಣಿಯ ನೆಲವನ್ನು ಎಚ್ಚರಿಕೆಯಿಂದ ಉದ್ಯಾನದ ಹೊರಗಿಟ್ಟಿತು. ಕೆ. ಎಂ. ಚಿಣ್ಣಪ್ಪನವರೂ ಅವರ ಸಂಗಡಿಗರೂ ಸರ್ವೋಚ್ಚ ನ್ಯಾಯಾಲಯದ ಬಾಗಿಲು ಬಡಿಯದೆ ಹೋಗಿದ್ದರೆ, 2002ರ ಅಕ್ಟೋಬರಿನಲ್ಲಿ ತೀರ್ಪು ಬಾರದೆ ಹೋಗಿದ್ದರೆ, 2005ರ ಕೊನೆಯ ದಿನದಂದು ಗಣಿ ಮುಚ್ಚುತ್ತಿರಲಿಲ್ಲ. ಕಾಡಿನ ಪಕ್ಷ ವಹಿಸಿದ ಆ ಹೋರಾಟಗಾರರಿಗೆ ನಾಡು ಋಣಿಯಾಗಿರಬೇಕು. ಆದರೂ ಒಂದು ಮಾತು ಉಳಿಯುತ್ತದೆ: ಯಂತ್ರಗಳಿಂದ ಬೆಟ್ಟವನ್ನೇ ಬಗೆಯುವವರಿಗೆ ಗುತ್ತಿಗೆಯ ಪತ್ರವಿತ್ತು, ಬೆಟ್ಟದ ತಪ್ಪಲಿನಲ್ಲಿ ಏಲಕ್ಕಿ ಬಿಡಿಸುವವನಿಗೆ ಯಾವ ಪತ್ರವೂ ಇರಲಿಲ್ಲ. ಕಾಡಿಗೆ ಯಾರು ಅಪಾಯಕಾರಿಯೆಂಬುದನ್ನು ಸರ್ಕಾರವು ಅಂದು ಅಳೆದದ್ದು ಕಾಗದದಿಂದ.

ಬೆಳ್ತಂಗಡಿಯ ಕಡೆಯಿಂದ ಘಟ್ಟದ ಬುಡದ ಒಂದು ಹಳ್ಳಿಯವರೆಗೆ ಜೀಪಿನಲ್ಲಿ ಹೋಗಿ, ಅಲ್ಲಿಂದ ಮೇಲಕ್ಕೆ ಕಾಲುಹಾದಿಯಲ್ಲಿ ನಡೆದು, ಒಂದು ಮಲೆಕುಡಿಯರ ಮನೆಯಲ್ಲಿ ಒಂದು ಹಗಲನ್ನು ಕಳೆದ ಅನುಭವ ನನಗಿದೆ. ಆಷಾಢದ ದಿನಗಳು, ಹೊರಗೆ ಮಳೆ ಹಿಡಿದದ್ದು ಬಿಟ್ಟಿರಲಿಲ್ಲ. ಒಲೆಯ ಮೇಲ್ಗಡೆ ಬಿದಿರಿನ ಅಟ್ಟ. ಅದರ ತುಂಬ ಉಪ್ಪಾಗೆಯ ಸಿಪ್ಪೆ. ಪುಟ್ಟ ಕುಂಬಳಕಾಯಿಯಂತೆ ಮೈತುಂಬ ಏಣುಗಳಿರುವ ಈ ಹಳದಿ ಹಣ್ಣು ಮಾಗುವುದೇ ಮಳೆಗಾಲದ ನಡುವೆ. ಬಿಸಿಲಿಗೆ ಒಣಗಿಸುವ ಮಾತೇ ಇಲ್ಲವಾದ್ದರಿಂದ ಹೊಗೆಯೇ ಗತಿ. ಮನೆಯ ಹಿರಿಯರು ಹೆಬ್ಬೆರಳಿನಿಂದ ಏಣಿನಗುಂಟ ಸೀಳಿ, ಸಿಪ್ಪೆಯನ್ನು ಒಂದು ಬುಟ್ಟಿಗೂ ತಿರುಳುಸಹಿತವಾದ ಬೀಜವನ್ನು ಇನ್ನೊಂದಕ್ಕೂ ಹಾಕುತ್ತಿದ್ದರು. ಹಣ್ಣಿನ ಹಳದಿ ಅಂಟು ಉಗುರಿನ ಸಂದಿಗಳಲ್ಲಿ ಮೆತ್ತಿಕೊಂಡಿತ್ತು. ಮೊದಲ ದಿನ ಹಳದಿಯಾಗಿದ್ದ ಸಿಪ್ಪೆ ಅಟ್ಟದ ಮೇಲೆ ಕಂದಾಗಿ, ಮುದುಡಿ, ಕಡೆಗೆ ಚರ್ಮದ ತುಂಡಿನಂತೆ ಕಪ್ಪಾಗುತ್ತದೆ. ಮೀನಿನ ಸಾರಿಗೆ ಅದರ ಹುಳಿಯೇ ಬೇಕೆನ್ನುವವರು ಕರಾವಳಿಯಲ್ಲಿ ಬೇಕಾದಷ್ಟಿದ್ದಾರೆ. ಮರದಲ್ಲಿರುವುದನ್ನೆಲ್ಲ ಕೊಯ್ಯುವಿರಾ ಎಂದು ಕೇಳಿದೆ. “ಮೇಲಿನದ್ದು ಮಂಗಗಳಿಗೆ, ಕೆಳಗೆ ಬಿದ್ದದ್ದು ಹಂದಿಗೆ, ನಡುವಿನದ್ದು ನಮಗೆ ಮಾರಾಯ್ರೆ. ಎಲ್ಲ ನಾವೇ ಕೊಯ್ದರೆ ಸಸಿ ಹುಟ್ಟುವುದು ಎಲ್ಲಿಂದ?” ಎಂದರು. ಬೀಜದ ಬುಟ್ಟಿಯು ಸಂಜೆಯ ಹೊತ್ತಿಗೆ ಮನೆಯ ಹಿಂದಿನ ಇಳಿಜಾರಿಗೆ ಸುರಿಯಲ್ಪಟ್ಟಿತು.

ಇಷ್ಟನ್ನು ಕಂಡು, ಕಾಡಿನ ಜನರೆಲ್ಲರೂ ಪ್ರಕೃತಿಯ ಋಷಿಗಳೆಂದು ಕೊಂಡಾಡುವ ಬರಹಗಳ ಸಾಲಿಗೆ ನನ್ನದನ್ನೂ ಸೇರಿಸುವ ಆಸೆ ನನಗಿಲ್ಲ. ಉಪ್ಪಾಗೆಯ ಕಥೆಗೆ ಇನ್ನೊಂದು ಮಗ್ಗುಲೂ ಇದೆ. ಮೈಯ ಕೊಬ್ಬನ್ನು ಇಳಿಸುವ ಔಷಧಿಗೆ ಇದರ ಸಿಪ್ಪೆಯ ಸತ್ತ್ವವು ಒದಗುತ್ತದೆಂಬ ನಂಬಿಕೆ ಪರದೇಶಗಳಲ್ಲಿ ಹಬ್ಬಿ, 1990ರ ದಶಕದಲ್ಲಿ ಬೆಲೆ ಒಮ್ಮೆಲೇ ಏರಿದಾಗ, ಮಲೆನಾಡಿನ ಎಷ್ಟೋ ಕಡೆಗಳಲ್ಲಿ ಕಾಯಿ ಹಣ್ಣಾಗುವುದನ್ನೂ ಕಾಯದೆ ಕೊಂಬೆಗಳನ್ನೇ ಕಡಿದು ಕೆಡವಿದರು. ಒಣಗಿಸಲು ಹಸಿಯ ಸೌದೆಯನ್ನು ರಾಶಿರಾಶಿಯಾಗಿ ಉರಿಸಿದರು. ಕಡಿದವರಲ್ಲಿ ಕಾಡಿನವರೂ ಇದ್ದರು, ಹೊರಗಿನವರೂ ಇದ್ದರು. ಆದರೆ ಹೀಗೇಕಾಯಿತು ಎಂದು ವಿಚಾರಿಸಿದರೆ ಕಾರಣವು ಮನುಷ್ಯನ ದುರಾಸೆಯೊಂದರಲ್ಲಿಯೇ ಮುಗಿಯುವುದಿಲ್ಲ. ಕಿರು ಅರಣ್ಯೋತ್ಪನ್ನವನ್ನು ಸಂಗ್ರಹಿಸುವ ಹಕ್ಕನ್ನು ಹರಾಜಿನಲ್ಲಿ ಗುತ್ತಿಗೆದಾರನಿಗೆ ಕೊಡುವ ಪದ್ಧತಿಯಲ್ಲಿ ಮರವು ಯಾರದೂ ಅಲ್ಲ. ಈ ವರ್ಷ ನಾನು ಬಿಟ್ಟದ್ದು ನಾಳೆ ಇನ್ನೊಬ್ಬನ ಚೀಲ ಸೇರುವುದು ನಿಶ್ಚಯವಾದರೆ, ಮಾಗುವವರೆಗೆ ಕಾಯುವವನು ಮೂರ್ಖನೆನಿಸಿಕೊಳ್ಳುತ್ತಾನೆ. ಮೇಲಿನದ್ದು ಮಂಗಗಳಿಗೆ ಎಂಬ ಧರ್ಮವು ನಿಲ್ಲಬೇಕಾದರೆ, ಬರುವ ವರ್ಷವೂ ಈ ಮರದ ಕೆಳಗೆ ನಾನೇ ನಿಲ್ಲುವೆನೆಂಬ ಭರವಸೆ ಬೇಕು. ಹಕ್ಕು ಮತ್ತು ಸಂಯಮಗಳು ಪರಸ್ಪರ ವೈರಿಗಳೆಂದು ಭಾವಿಸುವ ನಮ್ಮ ಅರಣ್ಯನೀತಿಯು ತಪ್ಪಿದ್ದು ಇಲ್ಲಿಯೇ. ಒಂದರ ಬೇರಿನಿಂದ ಇನ್ನೊಂದು ಚಿಗುರುತ್ತದೆ.

ಹಕ್ಕನ್ನು ಕಳೆದುಕೊಂಡವರ ಸಿಟ್ಟು ಎಲ್ಲಿಗೆ ಮುಟ್ಟಿತೆಂಬುದನ್ನೂ ಈ ಮಲೆಗಳು ಕಂಡಿವೆ. ಒಕ್ಕಲೆಬ್ಬಿಸುವ ಭಯವು ಮನೆಮನೆಯ ಮಾತಾಗಿದ್ದ ದಿನಗಳಲ್ಲಿ ನಕ್ಸಲೀಯರು ಇಲ್ಲಿ ನೆಲೆ ಹುಡುಕಿಕೊಂಡರು; 2003ರ ನವೆಂಬರಿನಲ್ಲಿ ಕಾರ್ಕಳದ ಈದುವಿನಲ್ಲಿ ಅವರ ಗುಂಪಿನ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಬಲಿಯಾದರು; ಆ ಬಳಿಕ ಎರಡು ದಶಕಗಳ ಕಾಲ ಎರಡೂ ಕಡೆಗಳಲ್ಲಿ ಜೀವಗಳು ಹೋದವು. 2024ರ ನವೆಂಬರಿನಲ್ಲಿ ಹೆಬ್ರಿಯ ಕಬ್ಬಿನಾಲೆಯ ಕಾಡಿನಲ್ಲಿ ಹತನಾದ ನಕ್ಸಲೀಯರ ನಾಯಕ ವಿಕ್ರಂ ಗೌಡನು ಮಲೆಕುಡಿಯರವನೇ. ಮರುವರ್ಷದ ಜನವರಿಯಲ್ಲಿ ಆರು ಮಂದಿ ನಕ್ಸಲೀಯರು ಶರಣಾಗುವುದರೊಂದಿಗೆ ಆ ಅಧ್ಯಾಯವು ಬಹುಮಟ್ಟಿಗೆ ಮುಗಿಯಿತು. ಬಂದೂಕಿನಿಂದ ಯಾರಿಗೂ ಒಂದು ಗುಂಟೆಯ ಹಕ್ಕುಪತ್ರವೂ ಸಿಕ್ಕಲಿಲ್ಲ. ಪೊಲೀಸು ಮತ್ತು ನಕ್ಸಲೀಯರೆಂಬ ಎರಡು ಸಂಶಯಗಳ ನಡುವೆ ಸಿಕ್ಕಿಬಿದ್ದು ನಲುಗಿದವರು ಒಲೆಯ ಮುಂದೆ ಹಣ್ಣು ಸೀಳುತ್ತಿದ್ದ ಸಂಸಾರಗಳು.

ಈ ನಡುವೆ ಪಾರ್ಲಿಮೆಂಟು ಒಂದು ಒಳ್ಳೆಯ ಕೆಲಸ ಮಾಡಿತು. 2006ರಲ್ಲಿ ಅಂಗೀಕೃತವಾದ ಅರಣ್ಯ ಹಕ್ಕು ಕಾಯಿದೆಯು, ಅರಣ್ಯವಾಸಿಗಳಿಗೆ ಚರಿತ್ರೆಯಲ್ಲಿ ಅನ್ಯಾಯವಾಗಿದೆಯೆಂದು ತನ್ನ ಪೀಠಿಕೆಯಲ್ಲಿಯೇ ಒಪ್ಪಿಕೊಂಡು ಹೊರಟಿತು. ಸರ್ಕಾರದ ದಾಖಲೆಯೊಂದರಲ್ಲಿ ಇಂಥ ಒಪ್ಪಿಗೆಯನ್ನು ಕಾಣುವುದು ಅಪೂರ್ವ. ಇದರ ಪ್ರಕಾರ 2005ರ ಡಿಸೆಂಬರು 13ಕ್ಕಿಂತ ಮೊದಲಿನಿಂದ ಕಾಡಿನಲ್ಲಿ ನೆಲೆಸಿ ಅದನ್ನೇ ಆಶ್ರಯಿಸಿರುವ ಪರಿಶಿಷ್ಟ ಪಂಗಡದ ಸಂಸಾರಕ್ಕೆ, ಸಾಗುವಳಿಯಲ್ಲಿರುವ ನೆಲದ ಮೇಲೆ ನಾಲ್ಕು ಹೆಕ್ಟೇರುಗಳ ಮಿತಿಗೊಳಪಟ್ಟು ಹಕ್ಕುಂಟು. ಇತರರಾದರೆ ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಕಿರು ಅರಣ್ಯೋತ್ಪನ್ನದ ಒಡೆತನವೂ, ಇಡೀ ಊರು ಸೇರಿ ಕಾಡನ್ನು ಕಾಯುವ ಸಾಮುದಾಯಿಕ ಹಕ್ಕೂ ಇದರಲ್ಲಿ ಅಡಕವಾಗಿವೆ. ಅರ್ಜಿಯನ್ನು ಮೊದಲು ವಿಚಾರಿಸುವುದು ಗ್ರಾಮಸಭೆ. ಅಲ್ಲಿ ಊರಿನ ಹಿರಿಯರ ಹೇಳಿಕೆಯೂ ಹಳೆಯ ಸಮಾಧಿ, ದೈವಸ್ಥಾನಗಳ ಕುರುಹೂ ಸಾಕ್ಷ್ಯಗಳಾಗಬಲ್ಲವು. ಎಲ್ಲಕ್ಕಿಂತ ಮುಖ್ಯವಾದದ್ದು, ಈ ಕಾಯಿದೆಯು ರಾಷ್ಟ್ರೀಯ ಉದ್ಯಾನ ಅಭಯಾರಣ್ಯಗಳಿಗೂ ಅನ್ವಯಿಸುತ್ತದೆ. ಹಕ್ಕುಗಳ ವಿಚಾರಣೆಯು ಪೂರ್ಣವಾಗುವ ತನಕ ಯಾರನ್ನೂ ಎಬ್ಬಿಸಕೂಡದು, ಎಬ್ಬಿಸುವುದಾದರೂ ಗ್ರಾಮಸಭೆಯು ಎಲ್ಲವನ್ನೂ ತಿಳಿದು ಸ್ವತಂತ್ರವಾಗಿ ಒಪ್ಪಬೇಕು ಎಂದು ಅದು ಸ್ಪಷ್ಟವಾಗಿ ಹೇಳಿದೆ. ಹೀಗಿರುವುದರಿಂದ, ಜನರು ಕಾಡಿನಲ್ಲಿರುವುದು ಸರಿಯೇ ಎಂಬ ಪ್ರಶ್ನೆಗೆ ನ್ಯಾಯದ ಉತ್ತರವು ಎಂದೋ ದೊರೆತಾಗಿದೆ. ಅವರು ಬಯಸಿದರೆ ಇರಬಹುದು, ಬಯಸಿದರೆ ಹೊರಡಬಹುದು.

ತೊಡಕೆಲ್ಲ ಆ ‘ಬಯಸಿದರೆ’ ಎಂಬುದರ ಒಳಗೆ ಕುಳಿತಿದೆ. ಪರಿಹಾರವನ್ನು ಪಡೆದು ಸ್ವಇಚ್ಛೆಯಿಂದ ಕೆಳಗಿಳಿದ ಸಂಸಾರಗಳು ಇಲ್ಲಿ ಉಂಟು. ಅವರನ್ನು ಮೋಸಹೋದವರೆಂದು ಕನಿಕರಿಸುವುದು ಅವರ ಬುದ್ಧಿಗೆ ಮಾಡುವ ಅವಮಾನ. ಮಗಳನ್ನು ಕಾಲೇಜಿಗೆ ಕಳುಹಿಸಬೇಕೆಂಬ, ಬಸುರಿಯನ್ನು ಕಂಬಳಿಯ ಜೋಲಿಯಲ್ಲಿ ಹೊತ್ತುಕೊಂಡು ಹೊಳೆ ದಾಟಬೇಕಾದ ದಿನಗಳು ಮುಗಿಯಬೇಕೆಂಬ ಆಸೆ ಯಾರಿಗೂ ಸಹಜವೇ. ಆದರೆ ಆ ಇಚ್ಛೆಯು ಹೇಗೆ ಹುಟ್ಟಿತೆಂಬುದನ್ನು ನೋಡಬೇಕಲ್ಲವೆ? ಬೆಳ್ತಂಗಡಿ ತಾಲ್ಲೂಕಿಗೇ ಸೇರಿದ ಎಳನೀರು ಎಂಬ ಊರು ಘಟ್ಟದ ಮೇಲಿದೆ. ದಿಡುಪೆಯ ಮೂಲಕ ಇಳಿದರೆ ತಾಲ್ಲೂಕು ಕೇಂದ್ರಕ್ಕೆ ಹತ್ತಿರ. ನಡುವೆ ಉದ್ಯಾನದ ಕಾಡಿರುವುದರಿಂದ ಆ ಹಾದಿಯು ಸರಿಯಾದ ರಸ್ತೆಯಾಗದೆ ಉಳಿದು, ಒಂದು ಸಹಿಗಾಗಿ ಊರಿನವರು ಬೇರೆ ಘಟ್ಟಗಳನ್ನು ಬಳಸಿ ನೂರು ಕಿಲೋಮೀಟರಿನ ಆಸುಪಾಸಿನ ಸುತ್ತು ಹಾಕುವ ಪಾಡು ಬಹುಕಾಲದ್ದು. ಕಾಡಿನ ನಡುವೆ ಹೊಸ ಹೆದ್ದಾರಿ ಬೇಕೆಂದು ನಾನು ವಾದಿಸುವುದಿಲ್ಲ. ರಸ್ತೆಯು ಕಾಡಿಗೆ ಎಂಥ ಗಾಯವೆಂಬುದನ್ನು ಬಲ್ಲೆ. ಆದರೆ ಇದ್ದ ಕಾಲುಹಾದಿಗೆ ಒಂದು ಕಾಲುಸಂಕ, ಮನೆಗೊಂದು ಸೌರದೀಪ, ವಾರಕ್ಕೊಮ್ಮೆ ಬರುವ ದಾದಿ, ಹಂಚು ಹಾರಿಹೋದ ಮಾಡಿಗೆ ಹೊಸ ಹೊದಿಕೆ: ಇವುಗಳಿಂದ ಸಿಂಗಳೀಕದ ಸಂತತಿಯು ನಶಿಸುವುದಿಲ್ಲ. ಇವಿಷ್ಟನ್ನೂ ವರ್ಷಗಟ್ಟಲೆ ತಡೆಹಿಡಿದು, ಬದುಕು ದುಸ್ಸಾಧ್ಯವಾದ ಮೇಲೆ ಕಾಗದವನ್ನು ಮುಂದೆ ಹಿಡಿದು ರುಜು ಪಡೆಯುವುದಾದರೆ, ಆ ರುಜುವಿಗೆ ಒಪ್ಪಿಗೆಯೆಂಬ ಹೆಸರು ಒಪ್ಪದು. ಉಳಿಯುವುದು ಸಾಧ್ಯವಿದ್ದಾಗ ಮಾತ್ರ ಹೊರಡುವುದು ಸ್ವಂತ ಇಚ್ಛೆಯಾಗುತ್ತದೆ. ನಾನು ಕಂಡ ಹಿರಿಯರೂ ಹೇಳಿದ್ದು ಅದನ್ನೇ: “ಹೋಗುವವರು ಹೋಗಲಿ, ಬೇಡ ಅಂತ ನಾವು ಹೇಳುವುದಿಲ್ಲ. ಇರುವವನಿಗೆ ಇರಲಿಕ್ಕೆ ಬಿಡಬೇಕಲ್ಲ?” ಅವರ ಮೊಮ್ಮಗಳು ಪೇಟೆಯ ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದಳು, ಅವಳು ಹಿಂದಿರುಗುವಳೋ ಇಲ್ಲವೋ ಎಂಬುದು ಅವಳಿಗೆ ಬಿಟ್ಟದ್ದು ಎಂದೂ ಅವರು ಹೇಳಿದರು.

ಜನರಿದ್ದರೆ ವನ್ಯಮೃಗಗಳು ಉಳಿಯುವುದುಂಟೆ ಎಂಬ ಶಂಕೆಗೆ ನಮ್ಮ ರಾಜ್ಯದಲ್ಲಿಯೇ ಒಂದು ಸಮಾಧಾನವಿದೆ. ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟವು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು; ಅದೇ ವರ್ಷ ಅಲ್ಲಿಯ ಸೋಲಿಗ ಬುಡಕಟ್ಟಿನವರ ಪೋಡುಗಳಿಗೆ, ಅಂದರೆ ಹಾಡಿಗಳಿಗೆ, ಸಾಮುದಾಯಿಕ ಅರಣ್ಯ ಹಕ್ಕುಗಳು ಮಾನ್ಯವಾದವು; ದೇಶದ ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಹೀಗಾದದ್ದು ಅದೇ ಮೊದಲು. ಹುಲಿಯು ಅಲ್ಲಿಂದ ಓಡಿಹೋಗಲಿಲ್ಲ, ಸೋಲಿಗರೂ ಹೋಗಲಿಲ್ಲ. ಅಲ್ಲಿ ಸಮಸ್ಯೆಗಳಿಲ್ಲವೆಂದಲ್ಲ; ಲಂಟಾನದ ಪೊದೆಯು ಕಾಡನ್ನು ನುಂಗುತ್ತಿರುವುದಕ್ಕೆ, ಹಿಂದೆ ತಾವು ಬೇಸಿಗೆಯ ಮೊದಲಿಗೇ ಹಾಕುತ್ತಿದ್ದ ಸಣ್ಣ ತರಗುಬೆಂಕಿಯನ್ನು ನಿಷೇಧಿಸಿದ್ದೇ ಕಾರಣವೆಂದು ಸೋಲಿಗರು ಹೇಳುತ್ತಾರೆ, ಇಲಾಖೆಯು ಬೆಂಕಿಯ ಮಾತಿಗೇ ಬೆಚ್ಚುತ್ತದೆ. ಆದರೆ ಆ ವಾದವು ಇಬ್ಬರು ಹಕ್ಕುದಾರರ ನಡುವಣ ವಾದ. ಕುದುರೆಮುಖದ ಒಣ ಹುಲ್ಲುಗಾವಲನ್ನು ಬೆಂಕಿಯಿಂದ ಕಾಯಲು ಇಲಾಖೆಯು ಬೇಸಿಗೆಯಲ್ಲಿ ಕಾವಲುಗಾರರನ್ನು ಹುಡುಕುತ್ತದೆ. ಪ್ರತಿಯೊಂದು ಕಣಿವೆಯ ಗಾಳಿಯ ದಿಕ್ಕನ್ನು ಬಲ್ಲವರು ಅಲ್ಲಿಯೇ ಹುಟ್ಟಿ ಬೆಳೆದಿದ್ದಾರೆ. ಅವರನ್ನು ದಿನಗೂಲಿಯ ಆಳುಗಳಾಗಿ ಮಾತ್ರ ಕರೆಯುವುದನ್ನು ಬಿಟ್ಟು, ಕಾಡಿನ ಆಡಳಿತದಲ್ಲಿ ಮಾತುಳ್ಳವರನ್ನಾಗಿ ಕರೆದುನೋಡುವುದರಿಂದ ಇಲಾಖೆಗೆ ನಷ್ಟವಾಗುವುದು ಒಂದಿಷ್ಟು ದರ್ಪ ಮಾತ್ರ.

ನಗರಗಳಿಂದ ವಾರಾಂತ್ಯಕ್ಕೆ ಹೊರಟುಬರುವ ನಮ್ಮ ಪಾಡನ್ನೂ ಇಲ್ಲಿ ಒಂದು ಮಾತಿನಲ್ಲಿ ಹೇಳಿಬಿಡುವುದು ಲೇಸು. ಕುದುರೆಮುಖದ ಶಿಖರಕ್ಕೋ ನೇತ್ರಾವತಿಯ ಶಿಖರಕ್ಕೋ ಚೀಟಿ ಕೊಂಡು ಹತ್ತುವ ಚಾರಣಿಗನಿಗೆ ಉದ್ಯಾನದ ಬಾಗಿಲು ತೆರೆದಿದೆ. ಅವನಿಗಾಗಿ ಸಮಯ, ಶುಲ್ಕ, ಮಾರ್ಗದರ್ಶಕ ಎಲ್ಲವೂ ನಿಗದಿಯಾಗಿವೆ. ಮನರಂಜನೆಗೆ ಬರುವವನ ಕಾಲ್ತುಳಿತವನ್ನು ಸಹಿಸಬಲ್ಲ ಕಾಡು, ಅದರಲ್ಲಿಯೇ ಹುಟ್ಟಿದವನ ಕಾಲ್ತುಳಿತವನ್ನು ಸಹಿಸಲಾರದೆಂಬ ತರ್ಕವು ನನ್ನ ಬುದ್ಧಿಗೆ ನಿಲುಕದು.

ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ಕುದುರೆಮುಖದಲ್ಲಿ ಕೆಲಸವು ನಡೆಯಬೇಕಾದ ಕ್ರಮವೇ ತಿರುಗುಮುರುಗಾಗಿದೆ. ಮೊದಲು ಗಡಿ, ಅನಂತರ ಪರಿಹಾರದ ಮಾತು, ಕಟ್ಟಕಡೆಗೆ ಹಕ್ಕು ಎಂಬ ಈಗಿನ ಕ್ರಮವನ್ನು ಮಗುಚಿ, ಮೊದಲು ಹಕ್ಕುಪತ್ರ, ಆಮೇಲೆ ಮೂಲಭೂತ ಸೌಕರ್ಯ, ಎರಡೂ ಕೈಸೇರಿದ ಬಳಿಕ ಬೇಕಾದವರೊಡನೆ ಸ್ಥಳಾಂತರದ ಮಾತುಕತೆ ಎಂದು ಇಡತಕ್ಕದ್ದು. ಹಕ್ಕುಪತ್ರವನ್ನು ಕೈಯಲ್ಲಿ ಹಿಡಿದವನು ಹೊರಡುತ್ತೇನೆಂದರೆ ಅದು ಅವನ ನಿರ್ಧಾರ. ಉಳಿಯುತ್ತೇನೆಂದರೆ ಅವನು ಕಾಡಿನ ಕಾವಲಿಗೆ ನಮ್ಮ ಜೊತೆಗಾರ. ಅರ್ಜಿಗಳ ಕೊನೆಯ ತೀರ್ಮಾನವು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮಿತಿಯದು. ತಿರಸ್ಕರಿಸುವುದಾದರೆ ಕಾರಣವನ್ನು ಬರೆದು ತಿಳಿಸಬೇಕಾದದ್ದು ಆ ಸಮಿತಿಯ ಕರ್ತವ್ಯ, ಅದಕ್ಕೆ ಮೊದಲಿನ ಹಂತಗಳ ತೀರ್ಮಾನದ ಮೇಲೆ ಮನವಿ ಸಲ್ಲಿಸುವುದು ಅರ್ಜಿದಾರನ ಹಕ್ಕು. ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ವಾಸಿಸುವ ಓದುಗರು, ವಕೀಲರು, ಶಾಲೆಯ ಉಪಾಧ್ಯಾಯರು, ಪಂಚಾಯಿತಿಯ ಸದಸ್ಯರು, ತಮ್ಮ ನೆರೆಯ ಗ್ರಾಮಸಭೆಗೆ ಒಮ್ಮೆ ಹೋಗಿ, ಆ ಅರ್ಜಿಗಳನ್ನು ಸರಿಯಾಗಿ ಬರೆಯಲು ಒಂದು ಮಧ್ಯಾಹ್ನದ ಸಹಾಯವನ್ನು ಮಾಡಿದರೆ, ಮಲೆಕುಡಿಯರಿಗೂ ಅವರ ಮಲೆಗೂ ಅದು ಹತ್ತು ಭಾಷಣಗಳಿಗಿಂತ ಹೆಚ್ಚಿನ ಉಪಕಾರವಾದೀತು.